ಹದಿನಾಲ್ಕು ಅಂಕ

ಪರೀಕ್ಷೆ ಬರೆದು ಬಂದಮೇಲೆ ಉತ್ತರ ತಾಳೆ ನೋಡಬೇಡಿರೆಂದು ನಮ್ಮ ಜೀವಶಾಸ್ತ್ರದ ಸರ್ ನೂರು ಸಲ ಹೇಳಿದ್ದರು. ನಾವು ಕೇಳುವ ಪೈಕಿಯಲ್ಲ. ಸಿಇಟಿಯ ಮೊದಲ ದಿನ ಸಂಜೆ ನಾಲ್ಕೂವರೆಗೆ ನಾನೂ ನನ್ನ ಗೆಳತಿಯೂ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಸಿಂಧನೂರಿನ ಬಸ್ಸಿಗೆ ಕಾಯುತ್ತ ಕೂತಿದ್ದೆವು. ಬೆಳಿಗ್ಗೆ ಜೀವಶಾಸ್ತ್ರ, ಮಧ್ಯಾಹ್ನ ಗಣಿತ ಮುಗಿದಿತ್ತು. ಭೌತಶಾಸ್ತ್ರ, ರಸಾಯನಶಾಸ್ತ್ರ ಮರುದಿನಕ್ಕಿದ್ದವು.

ನಾನು ಗೊರೇಬಾಳದವಳು. ಮನೆಯ ಸುತ್ತ ಕಾಲುವೆ ನೀರಿನ ಭತ್ತ. ಈ ವರ್ಷ ಸೀಟು ಸಿಗದಿದ್ದರೆ ಮುಂದಿನ ವರ್ಷ ಬರೆದರಾಯಿತು ಎನ್ನುವ ಅಪ್ಪ. ಅವಳು ಮಸ್ಕಿಯವಳು. ಅವಳ ಅಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಬಿಎಸ್ಸಿ ಅಗ್ರಿ ಸೀಟು ಸಿಕ್ಕರೆ ಕಳಿಸುತ್ತೇನೆ, ಇಲ್ಲವಾದರೆ ಓದು ಸಾಕು, ಗಿರಣಿ ನೋಡಿಕೊ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಅವಳಿಗಿದ್ದದ್ದು ಒಂದೇ ಸಲದ ಅವಕಾಶ. ಎರಡು ವರ್ಷ ಮಸ್ಕಿಯಿಂದ ಸಿಂಧನೂರಿನ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿದ್ದಳು, ನಿಂತುಕೊಂಡೇ ಓದಿದ್ದಳು.

ಜೀವಶಾಸ್ತ್ರದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸರ್ ಅವಳ ನೋಟ್ಸನ್ನು ತರಗತಿಯಲ್ಲಿ ಎತ್ತಿ ತೋರಿಸುವಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಟ್ಟು ಏನು ಮಾಡಲಿ, ಉರಿಯುತ್ತಿತ್ತು. ಅವತ್ತು ಬೆಳಿಗ್ಗೆ ಬಸ್ಸಿನಲ್ಲೂ ಅವಳು ನನ್ನನ್ನು ಛೇಡಿಸಿದ್ದಳು. "ನಿಂದು ಬರೇ ಬಾಯಿಪಾಠ ಲೇ. ಪ್ರಶ್ನಿ ಸ್ವಲ್ಪ ತಿರುವಿ ಕೇಳಿದ್ರ ಮುಗೀತು ನಿನ್ನ ಕತಿ." ತಮಾಷೆಗೇ ಅಂದಿದ್ದಳು. ನಾನೂ ನಕ್ಕಿದ್ದೆ. ಆದರೆ ಮಾತು ಒಳಗೆ ಕೂತಿತ್ತು.

ನಿಲ್ದಾಣದಲ್ಲಿ ಅಪ್ಪ ಕೊಟ್ಟ ಫೋನು ತೆರೆದರೆ ಕಾಲೇಜಿನ ವಾಟ್ಸಾಪ್ ಗುಂಪಿಗೆ ಜೀವಶಾಸ್ತ್ರದ ಉತ್ತರಗಳು ಆಗಲೇ ಬಂದಿದ್ದವು. ಒಂದರಿಂದ ಅರವತ್ತರವರೆಗೆ ಪ್ರಶ್ನೆಯ ನಂಬರು, ಅದರ ಮುಂದೆ ಸರಿಯುತ್ತರದ ನಂಬರು, ಅಷ್ಟೇ. ಪರೀಕ್ಷೆಯಲ್ಲಿ ನಾವು ಪೆನ್ನಿನಿಂದ ಗುಳ್ಳೆ ತುಂಬಿದ ಉತ್ತರ ಹಾಳೆಯ ಒಂದು ಪ್ರತಿಯನ್ನು ನಮಗೇ ಕೊಟ್ಟಿರುತ್ತಾರೆ. ಮೊದಲು ನನ್ನದನ್ನು ನೋಡಿದೆ. ನಲವತ್ತೊಂದು ಸರಿ ಬಂತು. ಹಿಗ್ಗಿ ಹೀರೇಕಾಯಿಯಾಗಿ ಅವಳ ಹಾಳೆಯನ್ನು ಕಸಿದುಕೊಂಡೆ.

"ಒಂದು, ತಪ್ಪು. ಎರಡು, ತಪ್ಪು. ಮೂರು, ಸರಿ. ನಾಲ್ಕು, ತಪ್ಪು."

"ಏಯ್, ಸರಿಯಾಗಿ ನೋಡಬೇ" ಎಂದು ಮೊದಮೊದಲು ನಕ್ಕಳು. ಇಪ್ಪತ್ತು ದಾಟುವಷ್ಟರಲ್ಲಿ ನಗು ನಿಂತಿತು. ಮೂವತ್ತಕ್ಕೆ ಬಂದಾಗ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು. ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅರವತ್ತನ್ನೂ ಗಟ್ಟಿಯಾಗಿ ಓದಿ, ಪಕ್ಕದಲ್ಲಿ ನಿಂತಿದ್ದ ನಮ್ಮ ಕಾಲೇಜಿನವರಿಗೆಲ್ಲ ಕೇಳುವ ಹಾಗೆ "ಹದಿನಾಲ್ಕು" ಎಂದೆ.

"ಗುಳ್ಳಿ ತುಂಬೋದ್ರಾಗ ಸಾಲು ತಪ್ಪೀನೇನೋ" ಅಂದಳು. ಬಸ್ಸಿನಲ್ಲಿ ಮಸ್ಕಿಯವರೆಗೂ ಕಿಟಕಿಯಾಚೆ ನೋಡುತ್ತ ಕೂತಳು. ಇಳಿಯುವಾಗ ಹಾಳೆಯನ್ನು ಕೊಡಹೋದೆ. "ನೀನ ಇಟ್ಗೋ. ಅದನ್ನ ತಗೊಂಡು ನಾ ಏನ್ ಮಾಡ್ಲಿ?" ಎಂದು ಇಳಿದು ಹೋದಳು.

ಬಸ್ಸು ಮಸ್ಕಿ ದಾಟಿದ ಮೇಲೆ, ಕೈಯಲ್ಲೇ ಇದ್ದ ಆ ಹಾಳೆಯ ಮೇಲ್ಭಾಗ ಕಣ್ಣಿಗೆ ಬಿತ್ತು. ಅಲ್ಲಿ ಅವಳದೇ ದುಂಡು ಅಕ್ಷರದಲ್ಲಿ ಸಿ-3 ಎಂದಿತ್ತು. ನನ್ನದು ಎ-1. ನನಗೆ ನಲವತ್ತೊಂದು ತಾಳೆಯಾದ ಮೇಲೆ ಫೋನಿಗೆ ಬಂದ ಉತ್ತರಗಳೂ ಎ-1ರವೇ. ಕಾಪಿ ಹೊಡೆಯಬಾರದೆಂದು ಒಬ್ಬೊಬ್ಬರಿಗೆ ಒಂದೊಂದು ಬಗೆಯ ಪ್ರಶ್ನೆಪತ್ರಿಕೆ ಕೊಟ್ಟಿರುತ್ತಾರೆ. ಪ್ರಶ್ನೆಗಳು ಅವೇ, ಕ್ರಮ ಮಾತ್ರ ಬೇರೆ. ಇದು ಗೊತ್ತಿಲ್ಲದ ವಿದ್ಯಾರ್ಥಿ ಇಲ್ಲ. ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗೆಲ್ಲುವ ಅವಸರದಲ್ಲಿ ನಾನು ಮರೆತಿದ್ದೆ, ಹೆದರಿಕೆಯಲ್ಲಿ ಅವಳು ಮರೆತಿದ್ದಳು. ನಾನು ಹೇಳಿದ ಹದಿನಾಲ್ಕಕ್ಕೆ ಅರ್ಥವೇ ಇರಲಿಲ್ಲ.

ಫೋನು ಕೈಯಲ್ಲಿತ್ತು. ಅವಳ ಅಪ್ಪನ ನಂಬರು ಅದರಲ್ಲಿತ್ತು. ನಾನು ಫೋನು ಮಾಡಲಿಲ್ಲ. ನಾಳೆ ಬೆಳಿಗ್ಗೆ ಇದೇ ದಾರಿಯಲ್ಲಿ ಸಿಗುತ್ತಾಳಲ್ಲ, ಆಗ ಹೇಳಿದರಾಯಿತು, ಒಂದು ರಾತ್ರಿ ಒದ್ದಾಡಲಿ ಎಂದುಕೊಂಡೆ. ಇದೇ ಮಾತುಗಳಲ್ಲಿ ಅಂದುಕೊಂಡೆ. ಮರೆತು ಹೋಯಿತು, ಚಾರ್ಜ್ ಇರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಸುಳ್ಳು.

ಮರುದಿನ ಮಸ್ಕಿಯಲ್ಲಿ ಬಸ್ಸು ನಿಂತಾಗ ಅವಳಿರಲಿಲ್ಲ. ಎರಡು ಸಲ ಫೋನು ಮಾಡಿದೆ. ಗಿರಣಿಯ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ, ಯಾರೂ ಎತ್ತಲಿಲ್ಲ. ಗಿರಣಿ ನಿಲ್ದಾಣದಿಂದ ಐದು ನಿಮಿಷದ ದಾರಿ. ಇಳಿದು ಓಡಬಹುದಿತ್ತು. "ಇಳಿತೀಯೇನವ್ವಾ? ಇಳಿಯೋದಿದ್ರ ಲಗೂ ಇಳಿ" ಎಂದು ಕಂಡಕ್ಟರು ಕೇಳಿದರು. ಈ ಬಸ್ಸು ತಪ್ಪಿದರೆ ನನ್ನ ಪರೀಕ್ಷೆ ತಪ್ಪುತ್ತಿತ್ತು. "ಇಲ್ರೀ" ಎಂದು ಕೂತೆ.

ಅವಳು ಪರೀಕ್ಷೆಗೆ ಬರಲೇ ಇಲ್ಲ. ಎರಡನೆಯ ದಿನದ ಪತ್ರಿಕೆಗಳನ್ನು ಬರೆಯದವರಿಗೆ ರ‍್ಯಾಂಕ್ ಇಲ್ಲ. ಮುಂದೆ ಅಧಿಕೃತ ಉತ್ತರಗಳು ಬಂದಾಗ ಬಾಗಿಲು ಹಾಕಿಕೊಂಡು ಅವಳ ಹಾಳೆಯನ್ನು ಸಿ-3ರ ಜೊತೆ ತಾಳೆ ನೋಡಿದೆ. ನಲವತ್ತೊಂಬತ್ತು. ನನಗಿಂತ ಎಂಟು ಹೆಚ್ಚು. ಬಿಎಸ್ಸಿ ಅಗ್ರಿ ಸೀಟು ಸಿಕ್ಕಿದ್ದು ನನಗೆ.

ಈಗ ಸಿಂಧನೂರಿನಲ್ಲಿ ನನಗೆ ಬೀಜ ಪರೀಕ್ಷೆಯ ಕೆಲಸ. ಹೋದ ತಿಂಗಳು ಕೆಲಸದ ಮೇಲೆ ಮಸ್ಕಿಗೆ ಹೋದಾಗ, ಈ ಸಲ ಹೇಳಿಯೇ ಬಿಡಬೇಕೆಂದು ಗಿರಣಿಗೆ ಹೋದೆ. ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು ಕೂತಿದ್ದ ಅವಳು ನನ್ನನ್ನು ಕಂಡದ್ದೇ ಮಷೀನು ಬಂದ್ ಮಾಡಿ, ಚಹಾ ತರಿಸಿ, ಮೂಟೆಯ ಮೇಲೆ ಕೂರಿಸಿದಳು. ಅದೂ ಇದೂ ಮಾತಾಡುತ್ತ, ಹೇಗೆ ಶುರು ಮಾಡಲೆಂದು ತಿಳಿಯದೆ "ಆ ಸಿಇಟಿ ದಿನ..." ಎಂದೆ.

"ಅದನ್ಯಾಕ ಇನ್ನಾ ತಲ್ಯಾಗ ಇಟ್ಕೊಂಡೀಯಬೇ?" ಎಂದು ನನ್ನ ಕೈ ಹಿಡಿದಳು. "ಅವತ್ತು ನೀ ಖರೇನ ಹೇಳಿದ್ದು ಚಲೋ ಆತು. ಇಲ್ಲಾಂದ್ರ ಇನ್ನೊಂದು ವರ್ಷ ಬರೀತೀನಂತ ಅಪ್ಪನ್ನ ಕಾಡತಿದ್ದೆ. ನನಗ ಓದೋ ತಲಿ ಇಲ್ಲಂತ ಅವತ್ತ ತಿಳೀತು. ಈಗ ಆರಾಮ ಅದೀನಿ ನೋಡು."

ಜೋಳದ ಡಬ್ಬಿ ಹಿಡಿದು ಯಾರೋ ಬಂದರು. ಅವಳು ಎದ್ದು ಮಷೀನು ಹಾಕಿದಳು. ಆ ಸದ್ದಿನಲ್ಲಿ ಹೇಳಿದ್ದರೂ ಕೇಳುತ್ತಿರಲಿಲ್ಲ ಎನ್ನುವುದು ನೆಪ. ನಾನು ಬಾಯಿ ತೆರೆಯಲೇ ಇಲ್ಲ. ತಲೆ ಇದ್ದವಳು ಅವಳು. ಇದನ್ನು ಇಲ್ಲಿ ನಿಮಗೆಲ್ಲ ಹೇಳಬಲ್ಲೆ, ಅವಳೊಬ್ಬಳಿಗೆ ಹೇಳಲಾರೆ.