ಕಾಗದದ ಮೇಲಿನ ಕೆಂಪು ಚುಕ್ಕಿ

ಆ ಭಾನುವಾರ ನಾನು ಮಾಡಿದ ಕೆಲಸ ಇಷ್ಟು: ನಸುಕಿನಲ್ಲಿ ನಲ್ಲಿ ಬಂದಾಗ ಎರಡು ಡ್ರಮ್ ನೀರು ತುಂಬಿದೆ. ಜೋಳದ ಹಿಟ್ಟು ಸಾಣಿಸಿ ರೊಟ್ಟಿ ಬಡಿದೆ. ಯಜಮಾನರ ಡ್ಯೂಟಿ ಅಂಗಿಗೆ ಗುಂಡಿ ಹಚ್ಚಿದೆ. ಬಾಂಗ್ಡೆ ಮೀನು ತೊಳೆದು ಉಪ್ಪು, ಅರಿಶಿನ ಸವರಿಟ್ಟೆ. ಆಮೇಲೆ ಕಾಗದದ ಮೇಲೆ ಬರೆದ ಮೊಬೈಲನ್ನು ಬೆರಳಿನಿಂದ ಒತ್ತಿದೆ.

ಕಾಗದ ತಂದವಳು ನನ್ನ ತಂಗಿಯ ಮಗಳು. ಪಣಜಿಯ ಒಂದು ಸಣ್ಣ ಆಫೀಸಿನಲ್ಲಿ ಆ್ಯಪ್ ಮಾಡುವ ಕೆಲಸ ಅವಳದು. ಮನೆಯಲ್ಲೇ ರೊಟ್ಟಿ, ಚಟ್ನಿ ಮಾಡಿ ಮಾರುವ ಹೆಂಗಸರಿಗಾಗಿ ಒಂದು ಆ್ಯಪ್ ಬರುವುದಿತ್ತು. ಇನ್ನೂ ತಯಾರಾಗಿರಲಿಲ್ಲ. ಫೋನಿನಲ್ಲಿ ಏನೇನು ಕಾಣಬೇಕೋ ಅದನ್ನೆಲ್ಲ ಹಾಳೆಗಳ ಮೇಲೆ ಪೆನ್ಸಿಲಿನಿಂದ ಬರೆದು ತಂದಿದ್ದಳು. ನಾವು ಒತ್ತಿದಂತೆ ಮಾಡಬೇಕು, ಅವಳು ಮುಂದಿನ ಹಾಳೆ ಇಡುತ್ತಾಳೆ.

ಗೋವಾದ ಸಾಂಕೋಲೆಯ ನಮ್ಮ ಚಾಳಿನಲ್ಲಿ ರೊಟ್ಟಿಗೆ ಹೆಸರಾದವಳು ನಾನಲ್ಲ, ಮೂರನೇ ಬಾಗಿಲಿನವಳು. ಗಂಡನ ಹೊಡೆತ ತಾಳಲಾರದೆ ಮಗಳನ್ನು ಕರೆದುಕೊಂಡು ವಿಜಯಪುರದ ಕಡೆಯಿಂದ ಬಂದವಳು. ಗಂಡ ಅವಳನ್ನು ಹುಡುಕುತ್ತ ಕಾಣಕೋಣದವರೆಗೆ ಬಂದು, ಬೀಚಿನಲ್ಲಿ ಸರ ಮಾರುವ ನಮ್ಮ ಕಡೆಯ ಹೆಂಗಸರಿಗೆಲ್ಲ ಫೋಟೋ ತೋರಿಸಿ ಹೋಗಿದ್ದ. ಇದು ನಮ್ಮ ಸಾಲಿನವರಿಗೆಲ್ಲ ಗೊತ್ತು. ಗೊತ್ತಿದ್ದೂ ನಾನು ಅವಳನ್ನು ಕರೆದು ಕೂರಿಸಿದೆ. ರೊಟ್ಟಿಯ ಮಾತಲ್ಲವೇ ಅಂದುಕೊಂಡಿದ್ದೆ.

ಮೊದಲ ಹಾಳೆಯಲ್ಲಿ ಹೆಸರು. ಎರಡನೆಯದರಲ್ಲಿ ನಕಾಶೆ, ಅದರ ಮೇಲೆ ಸ್ಕೆಚ್ ಪೆನ್ನಿನ ಕೆಂಪು ಚುಕ್ಕಿ.

"ಇದೇನ್ರಿ?" ಅಂದಳು ಮೂರನೇ ಬಾಗಿಲಿನವಳು.

"ನಿಮ್ಮ ಮನಿ, ಅಕ್ಕಾರ. ತಾನಾಗೇ ತೋರಸ್ತದ. ನೀವೇನೂ ಮಾಡೂದು ಬ್ಯಾಡ."

ಅವಳ ಬೆರಳು ಹಾಳೆಯ ಮೇಲೆ ಇಳಿಯಲಿಲ್ಲ. "ಯಾರಿಗೆ ತೋರಸ್ತದ?"

"ಎಲ್ಲಾರಿಗೂ. ರೊಟ್ಟಿ ಬೇಕಾದವ್ರಿಗೆ."

"ರೊಟ್ಟಿ ಬ್ಯಾಡಾದವ್ರಿಗೆ?"

ಮೂರನೇ ಬಾಗಿಲಿನವಳು, "ಒಲಿ ಮ್ಯಾಲೆ ಬ್ಯಾಳಿ ಇಟ್ಟೇನಿ, ಅಕ್ಕ" ಎಂದು ಎದ್ದು ಹೋದಳು. ಅಗಳಿ ಹಾಕಿದ ಸದ್ದು ಕೇಳಿಸಿತು.

ಅವಳ ಕಥೆ ಹೇಳಿದೆ. ತಂಗಿಯ ಮಗಳು ಹಾಳೆ ತಿರುವಿ, "ಚುಕ್ಕಿ ಬಂದ್ ಮಾಡ್ಲಿಕ್ಕೆ ಬರ್ತದ, ದೊಡ್ಡವ್ವ. ಐದನೇ ಹಾಳ್ಯಾಗ ಅದ" ಅಂದಳು.

"ಐದನೇ ಹಾಳಿಗೆ ಹೋಗೂತನಾ ಆಕಿ ಮನಿ ಬಾಗಲಾ ತೆರಕೊಂಡ ಇರ್ತದಲ್ಲ?" ಅಂದೆ.

ಅಷ್ಟರಲ್ಲಿ ಬೈಕಿನ ಮೇಲೆ ಒಬ್ಬ ಬಂದು, ಸೆಂಟ್ರಿಂಗ್ ಕೆಲಸದವನ ಮನೆ ಯಾವುದೆಂದು ಯಜಮಾನರನ್ನು ಕೇಳಿದ. ಗೋಡೆಯ ಆಚೆಗೇ ಅವನ ಮನೆ. ಅವನ ಟಿ.ವಿ. ನಮಗೆ ಕೇಳಿಸುತ್ತಿತ್ತು. ಯಜಮಾನರು ಮಾತ್ರ, "ಅಂಗಡಿ ಮುಂದ ಕೂಡ್ರಿ, ಚಾ ಕುಡೀರಿ. ಕೇಳಿ ಬರ್ತೇನಿ" ಅಂದರು. ಅವನು ಅಂಗಡಿಯ ಕಡೆ ಹೋದ ಮೇಲೆ ಪಕ್ಕದವನನ್ನು, ಮನೆ ತೋರಿಸಲೇ ಎಂದು ಕೇಳಿದರು. ಆತ ತಾನೇ ಎದ್ದು ಅಂಗಡಿಗೆ ನಡೆದ. ನಮ್ಮ ಚಾಳಿನಲ್ಲಿ ಮೊದಲಿನಿಂದಲೂ ಹೀಗೇ. ಯಾರು ಬಂದು ಯಾರನ್ನು ಕೇಳಿದರೂ ಆ ಮನೆಯವರನ್ನು ಕೇಳದೆ ಮನೆ ತೋರಿಸುವುದಿಲ್ಲ.

"ದೊಡ್ಡಪ್ಪ, ಇಲ್ಲೇ ಅದಾರ ಅಂತ ಹೇಳಿದ್ರ ಏನಾಗ್ತಿತ್ತು?"

"ಆಂವನ್ನ ಕೇಳದ ನಾ ಹೆಂಗ ಹೇಳ್ಲಿ? ಅದೇನು ನನ್ನ ಮನಿ ಏನು? ಇಷ್ಟ ತಿಳೀಲಿಲ್ಲಂದ್ರ ಪಣಜ್ಯಾಗ ಏನ್ ಕಲಿಸ್ಯಾರ ನಿನಗ?"

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನ ಹತ್ತಿರ ರಬ್ಬರ್ ಕೇಳಿದಳು. ಸ್ಕೆಚ್ ಪೆನ್ನಿನ ಚುಕ್ಕಿ ರಬ್ಬರಿಗೆ ಹೋಗಲಿಲ್ಲ, ಕಾಗದವೇ ತೂತಾಯಿತು. ಹೊಸ ಹಾಳೆ ತೆಗೆದಳು. ಚುಕ್ಕಿ ಇಲ್ಲ, ಊರಿನ ಹೆಸರಷ್ಟೇ. ಬೇಕಾದವರು ಕೇಳಬೇಕು, ಮಾಡುವವಳು ಹ್ಞೂಂ ಅನ್ನಬೇಕು, ರೊಟ್ಟಿಯ ಗಂಟು ಅಂಗಡಿಯಲ್ಲಿ ಕೈಬದಲಾಗಬೇಕು. ಇನ್ನು ಬೇಡವಾದ ಐದನೇ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದಳು.

"ನಿಮ್ಮ ಸಾಹೇಬ್ರು ಬೈತಾರೇನು?"

"ಬೈಲಿ. ಈಗಾದ್ರ ಒಂದ ಹಾಳಿ ಹೋಗ್ತದ. ಎಲ್ಲಾ ಕಟ್ಟಿದ ಮ್ಯಾಲೆ ತಗೀರಿ ಅಂದ್ರ ಯಾರೂ ತಗ್ಯಾಂಗಿಲ್ಲ, ದೊಡ್ಡವ್ವ."

ಹೊಸ ಹಾಳೆ ಹಿಡಿದು ಮೂರನೇ ಬಾಗಿಲಿಗೆ ಹೋದೆವು. ನನ್ನ ದನಿ ಕೇಳಿ ಅವಳು ಅಗಳಿ ತೆಗೆದಳು. ಹೊಸ್ತಿಲ ಮೇಲೆ ಕೂತು ಹಾಳೆಯನ್ನು ಸಾವಕಾಶ ನೋಡಿದಳು.

"ನಾ ಹ್ಞೂಂ ಅನ್ನೂತನಾ ಯಾರಿಗೂ ಗೊತ್ತಾಗಂಗಿಲ್ಲ?"

"ಇಲ್ರಿ."

"ನಿಮ್ಮ ಆಫೀಸಿಗೆ?"

ತಂಗಿಯ ಮಗಳು ಇದನ್ನು ಯೋಚಿಸಿರಲಿಲ್ಲ ಅಂತ ಅವಳ ಮುಖವೇ ಹೇಳಿತು. ಹಾಳೆಯ ಅಂಚಿನಲ್ಲಿ ಏನೋ ಬರೆದುಕೊಂಡಳು. "ನಮಗೂ ಬ್ಯಾಡ್ರಿ. ನಿಮ್ಮ ಮನಿ ಎಲ್ಲೈತಿ ಅಂತ ಕೇಳಂಗೇ ಇಲ್ಲ. ಕೇಳಿದ್ರ ತಾನ ಇಟ್ಕೊಳ್ಳೂದು?"

"ನಿಮ್ಮ ಸಾಹೇಬ್ರು ಒಪ್ಪದಿದ್ರ?"

"ಒಪ್ಪದಿದ್ರ ನಿಮ್ಮನ್ನ ಅದ್ರಾಗ ಸೇರಸಂಗಿಲ್ಲ."

"ಹಂಗಾರ ಚಲೋ" ಎಂದು ಅವಳು ಕಾಗದವನ್ನು ಒತ್ತಿದಳು. ಕೈಗೆ ಹಿಟ್ಟು ಹತ್ತಿತ್ತು, ಹಾಳೆಯ ಮೇಲೆ ಬೆರಳ ಗುರುತು ಬಿತ್ತು.

ಸಾಹೇಬರು ಮೂರು ವಾರ ತಕರಾರು ಮಾಡಿ ಒಪ್ಪಿದರೆಂದು ಆಮೇಲೆ ತಿಳಿಯಿತು. ಈಗ ಅವಳ ರೊಟ್ಟಿ ಆ್ಯಪಿನಲ್ಲಿದೆ, ಮನೆ ಇಲ್ಲ.

ಆ ಭಾನುವಾರ ಸಂಜೆ ಉಂಡದ್ದು ರೊಟ್ಟಿ, ಹುರಿದ ಬಾಂಗ್ಡೆ, ಮೂರನೇ ಬಾಗಿಲಿನವಳು ಬಟ್ಟಲಲ್ಲಿ ತಂದುಕೊಟ್ಟ ಶೇಂಗಾ ಚಟ್ನಿ. ಬಸ್ಸು ತಪ್ಪಿದ್ದರಿಂದ ತಂಗಿಯ ಮಗಳು ನಮ್ಮಲ್ಲೇ ಉಳಿದಳು. ದಿನಾ ನಾವೆಲ್ಲ ಮಲಗಿದ ಮೇಲೂ ಮೂರನೇ ಬಾಗಿಲಿನ ಕಿಟಕಿಯಲ್ಲಿ ದೀಪ ಇರುತ್ತಿತ್ತು. ಅವತ್ತು ನಾನು ಪಾತ್ರೆ ತೊಳೆದ ನೀರು ಚೆಲ್ಲಲು ಹೊರಗೆ ಬಂದಾಗ ಅದು ಆರಿತ್ತು. ನಮ್ಮ ಸಾಲಿನಲ್ಲಿ ಮೊದಲು ಮಲಗಿದವಳು ಅವಳೇ.