ತಲೆ ಮುಂದಾಗಿ ಹೊತ್ತವನು

“ಅಮ್ಮಾ, ಪೆದ್ದಪ್ಪ ತಾತ ಆ ಅಣ್ಣನ್ನ ಕಾಪಾಡಿದ್ರಲ್ವಾ? ಮತ್ತೆ ತಾತಂಗೇ ಯಾಕೆ ಹೊಡುದ್ರು?”

ಐದು ವರ್ಷದ ಮೇಘನ ಹೀಗೆ ಕೇಳಿದಾಗ ತ್ರಿವೇಣಿ ಅವಳಿಗೆ ಮುದ್ದೆಯ ತುತ್ತು ತಿನ್ನಿಸುತ್ತಿದ್ದಳು.

ಕೋಲಾರದ ಬೆಟ್ಟದಡಿಯ ಆ ಊರಿನಲ್ಲಿ ಪೆದ್ದಪ್ಪ ನಲವತ್ತು ವರ್ಷ ಬಂಡೆ ಸೀಳಿ ಬದುಕಿದವನು. ಬೆಂಗಳೂರಿನಿಂದ ಬೆಟ್ಟ ಹತ್ತಲು ಬಂದವರು ಅಲ್ಲಿನ ಗುಹೆಯಲ್ಲಿ ಸಿಕ್ಕಿಕೊಂಡರೆ ಜನ ಮೊದಲು ಓಡುವುದು ಅವನ ಮನೆಗೆ. ಹಗ್ಗ ಅವನದು, ಕಂಬಳಿ ಅವನದು, ತಪ್ಪಿದ ಕೂಲಿಯೂ ಅವನದೇ.

“ಇದಕ್ಕೆಲ್ಲ ಯಾರು ಕೊಡ್ತಾರೆ ಮಾವ?” ಎಂದು ಎದುರುಮನೆಯ ತ್ರಿವೇಣಿ ಕೇಳಿದರೆ, “ಬೆಟ್ಟ ಕೊಡ್ತದಲ್ಲಮ್ಮಾ, ಮಂಡಿನೋವು” ಎಂದು ನಗುತ್ತಿದ್ದ.

ಹೋದ ಭಾನುವಾರ ಬೆಳಿಗ್ಗೆ ಹಾಗೆ ಬಂದ ಒಬ್ಬ ಹುಡುಗ ಬಂಡೆಗಳ ಸಂದಿಗೆ ಜಾರಿದ. ಮೇಲಿನ ಕಲ್ಲು ಸರಿದು ಅವನ ಮೊಣಕಾಲನ್ನು ಅರೆದು ಹಿಡಿಯಿತು. ಜೊತೆಗಿದ್ದ ಇಬ್ಬರು ಗೆಳೆಯರು ಅವನ ಅಣ್ಣನಿಗೆ ಫೋನ್ ಮಾಡಿ ಕೆಳಗೋಡಿ ಬಂದರು. ಪೆದ್ದಪ್ಪ ಉಳಿ ಸುತ್ತಿಗೆ ಹಿಡಿದು ಹತ್ತಿದ. ಪಕ್ಕದ ಮನೆಯ ಕದಿರೇಶ್, ನೀರಿನ ಕ್ಯಾನ್ ಹೊತ್ತ ತ್ರಿವೇಣಿ ಹಿಂದೆಯೇ ಹೋದರು. ಗೆಳೆಯರು ಆಂಬುಲೆನ್ಸ್‌ಗೆ ಕಾಯುತ್ತ ಕೆಳಗೇ ಉಳಿದರು.

ಎರಡು ಗಂಟೆ ಸುತ್ತಿಗೆ ಬೀಸಿದ. ಪ್ರತಿ ಏಟಿಗೂ ಹುಡುಗನ ಚೀರಾಟ ಬಂಡೆಗೆ ಬಡಿದು ಮರಳುತ್ತಿತ್ತು. ಕಲ್ಲಿನ ಚೂರು ಸಿಡಿದು ಪೆದ್ದಪ್ಪನ ಹುಬ್ಬು ಸೀಳಿತು. ಕಣ್ಣಿಗೆ ರಕ್ತ ಇಳಿದರೂ ಕೈ ನಿಲ್ಲಲಿಲ್ಲ. ಕಲ್ಲು ಬಿರಿದಾಗ ಬೆಳ್ಳನೆಯ ಮೂಳೆ ಹೊರಗೆ ಕಂಡಿತು. ತ್ರಿವೇಣಿ ತನ್ನ ವೇಲ್ ಹರಿದು ಬಿಗಿಯಾಗಿ ಕಟ್ಟಿದಳು.

ಬಿದಿರಿಗೆ ಕಂಬಳಿ ಕಟ್ಟಿ ಜೋಲಿ ಮಾಡಿದರು.

“ಮಾವ, ಇಳಿಜಾರು. ಕಾಲು ಮುಂದಿರ್ಲಿ, ಇಲ್ದಿದ್ರೆ ತಲೆ ಕೆಳಗಾಗ್ತದೆ.”

“ಅದೇನ್ ಮಾತಮ್ಮಾ ಆಡ್ತೀಯಾ! ಕಾಲು ಮುಂದಾಗಿ ಹೋಗೋದು ಹೆಣ. ಉಸಿರಿರೋನ್ನ ತಲೆ ಮುಂದಾಗೇ ಹೊರ್ಬೇಕು.”

ಊರಿನಲ್ಲಿ ಯಾರೂ ಮೀರದ ಮಾತು ಅದು. ತ್ರಿವೇಣಿಯೂ ಬಾಯಿ ಮುಚ್ಚಿದಳು. ಅರ್ಧ ದಾರಿಯಲ್ಲಿ ಹುಡುಗನ ಮೈ ಜಾರಿತು. ತಲೆ ಜೋಲಿಯಿಂದ ಹೊರಬಿದ್ದು ಬಂಡೆಗೆ ಬಡಿಯಿತು. ಚೀರಾಟ ತಟ್ಟನೆ ನಿಂತುಹೋಯಿತು.

ಕೆಳಗೆ ತ್ರಿವೇಣಿಯ ಮನೆ ಮುಂದೆ ಆಂಬುಲೆನ್ಸ್ ಜೊತೆ ಹುಡುಗನ ಅಣ್ಣನೂ ಬಂದಿದ್ದ. “ಬಿದ್ದಾಗ ತಲೆಗೇನೂ ಆಗಿರ್ಲಿಲ್ವಂತೆ!” ಎಂದು ಕೂಗಿದ.

“ಇಳಿಸೋವಾಗ ಬಡೀತು ಸ್ವಾಮಿ, ನನ್ನದೇ ತಪ್ಪು” ಎಂದ ಪೆದ್ದಪ್ಪ.

ಅಣ್ಣ ಸುತ್ತಿಗೆ ಕಿತ್ತುಕೊಂಡು ಅವನ ಬಲಗೈಗೆ ಬೀಸಿದ. ಒಣಸೌದೆ ಮುರಿದಂಥ ಸದ್ದು. ಬಿದ್ದವನ ಪಕ್ಕೆಗೆ ಗೆಳೆಯರು ಬೂಟುಗಾಲಲ್ಲಿ ಒದ್ದರು. ಬಾಗಿಲಲ್ಲಿ ನಿಂತಿದ್ದ ಮೇಘನ ಕಿರುಚಿದಳು. ತ್ರಿವೇಣಿ ನೀರಿನ ಕ್ಯಾನನ್ನೇ ಒಬ್ಬನ ಮುಖಕ್ಕೆ ಅಪ್ಪಳಿಸಿದ ಮೇಲೆ ಅವರು ಹಿಂದೆ ಸರಿದರು.

ಹುಡುಗ ಉಳಿದುಕೊಂಡ. ಆದರೆ ಆಸ್ಪತ್ರೆಯ ಖರ್ಚನ್ನೆಲ್ಲ ಪೆದ್ದಪ್ಪನೇ ಕೊಡಬೇಕೆಂದು ಅಣ್ಣ ಪೊಲೀಸರಿಗೆ ದೂರು ಬರೆದುಕೊಟ್ಟಿದ್ದಾನೆ. ಪೆದ್ದಪ್ಪನ ಆ ಕೈ ಇನ್ನು ಉಳಿ ಹಿಡಿಯದು ಎಂದು ಡಾಕ್ಟರು ಹೇಳಿಯಾಗಿದೆ.

ತ್ರಿವೇಣಿ ಮೇಘನಳಿಗೆ ಮುಂದಿನ ತುತ್ತು ಕೊಡುತ್ತಿರುವಾಗಲೇ, ಕೈಗೆ ಕಟ್ಟು ಹಾಕಿಸಿಕೊಂಡ ಪೆದ್ದಪ್ಪ ಬಾಗಿಲಿಗೆ ಬಂದ. ಹಿಂದೆ ಕದಿರೇಶ್.

“ಜಾರಿದಾಗ್ಲೇ ತಲೆ ಒಡೆದಿತ್ತು ಅಂದ್ಬಿಡೋಣ ಕಣಮ್ಮಾ. ಇಳಿಸೋವಾಗ ಬಡಿದಿದ್ದು ನೋಡ್ದೋರು ನಾವು ಮೂರೇ ಜನ” ಎಂದ ಕದಿರೇಶ್.

“ಸುಮ್ನಿರ್ಲಾ. ಅಷ್ಟು ಸುಳ್ಳು ಸೇರಿಸಿದ್ರೆ ನನ್ನ ಕೈ ಮುರಿದಿದ್ದೂ ಸುಳ್ಳೇ ಅಂತಾರೆ.” ಪೆದ್ದಪ್ಪ ತ್ರಿವೇಣಿಯ ಕಡೆ ತಿರುಗಿದ. “ನಾಳೆ ಸ್ಟೇಷನ್‌ಗೆ ನನ್ನ ಜೊತೆ ಬಾ ತಾಯಿ. ನೀನು ಬೇಡ ಅಂದಿದ್ದು, ನಾನು ಕೇಳ್ದೇ ಇದ್ದಿದ್ದು, ಎಲ್ಲಾನೂ ಹೇಳ್ಬಿಡು.”