ಟಗರುಕೊಂಬಿನ ಬೆಳ್ಳಿ ನಾಣ್ಯ

ಲಾಕ್‌ಡೌನ್ ಸಡಿಲವಾದ ವಾರವೇ ಡಬ್ಲಿನ್‌ನಿಂದ ಕಾರ್ಕ್ ನಗರಕ್ಕೆ ರೈಲಿನಲ್ಲಿ ಬಂದೆ. ಕೋವಿಡ್‌ನಿಂದ ಇಲ್ಲಿ ತೀರಿಕೊಂಡ ಗೆಳೆಯ ರಘು, ಹಳೆಯ ನಾಣ್ಯಗಳ ಅಂಗಡಿಯೊಂದರಲ್ಲಿ ಗ್ರೀಕ್ ಬೆಳ್ಳಿ ನಾಣ್ಯವೊಂದನ್ನು ಪರೀಕ್ಷೆಗೆ ಕೊಟ್ಟಿದ್ದ. ಅದನ್ನು ಪಡೆದುಕೊಂಡು ಬರುವಂತೆ ಅವನ ಹೆಂಡತಿ ಸುಮಾ ಮೈಸೂರಿನಿಂದ ಕೇಳಿದ್ದರು.

ನಾನು ಕೊಟ್ಟ ರಘುವಿನ ರಸೀದಿ ನೋಡಿ ಅಂಗಡಿಯ ಮುದುಕರು ಪ್ಲಾಸ್ಟಿಕ್ ಪರದೆಯ ಆಚೆಯಿಂದ ಉತ್ಸಾಹದಲ್ಲಿ, "ರಘು ಯಾಕೆ ಬರಲಿಲ್ಲ?" ಎಂದರು. ಹೇಳಿದೆ. ಅವರು ಕಪಾಟಿನ ಬೀಗ ತೆಗೆದರು. ಆಮೇಲೆ ನಾಣ್ಯವನ್ನು ಹೊರತೆಗೆದರು. ಅದರ ಮೇಲಿದ್ದ ರಾಜನ ಕಿವಿಯ ಸುತ್ತ ಟಗರಿನ ಕೊಂಬು ಬಾಗಿತ್ತು.

"ಇದು ಅಲೆಕ್ಸಾಂಡರ್. ಕೊಂಬು ಅವನು ದೇವರ ಮಗನೆಂಬ ಗುರುತು. ಅವನು ಸತ್ತ ಮೇಲೆ ಅವನ ಅಂಗರಕ್ಷಕ ರಾಜನಾದ. ಆದರೂ ತನ್ನ ಮುಖ ಬಿಟ್ಟು ಇವನ ಮುಖವನ್ನೇ ಅಚ್ಚು ಹಾಕಿಸಿದ. ಇದು ಯಾರೆಂದು ರಘುಗೆ ಹೇಳಲು ಕಾಯುತ್ತಿದ್ದೆ."

ವಿಡಿಯೊ ಕಾಲ್ ಮಾಡಿ ಸುಮಾಗೆ ತೋರಿಸಿದೆ. ಗಂಡನ ಅಂತ್ಯಕ್ರಿಯೆಯನ್ನೂ ಅವರು ಮೊಬೈಲಿನಲ್ಲೇ ನೋಡಿದ್ದರು. ರಾಜ ಯಾರೆಂದು ಕೇಳಲಿಲ್ಲ.

"ಇದನ್ನ ಅವ್ರು ಕೈಯಲ್ಲಿ ಹಿಡಿದಿದ್ರಾ?"

"ಇಲ್ಲಿ ಕೊಡೋವರೆಗೂ ದಿನಾ ಜೇಬಲ್ಲೇ ಇಟ್ಕೊಂಡು ಓಡಾಡ್ತಿದ್ದ."

ಅಷ್ಟರಲ್ಲಿ ಮುದುಕರು ನಾಣ್ಯ ಒರೆಸಲು ಬಟ್ಟೆ ಎತ್ತಿಕೊಂಡರು. "ಅಯ್ಯೋ, ಒರೆಸ್ಬೇಡಿ ಅನ್ನಿ!" ಎಂದು ಸುಮಾ ಕೂಗಿದರು.

ನಾನು ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಮುದುಕರು ಬಟ್ಟೆಯನ್ನು ಕೆಳಗಿಟ್ಟರು.